ಕಿಣ್ವದ ಜೀನ್ ಹುಡುಕಲು ಬ್ಲಾಸ್ಟ್: ಹೆಕ್ಕುವುದಕ್ಕೆ ಸೈ, ತೀರ್ಪಿಗೆ ಸಾಲದು

ಪ್ರೋಟೀನ್, ಡಿಎನ್‌ಎ ಅನುಕ್ರಮಗಳನ್ನು ಹೋಲಿಸಿ ಹುಡುಕುವ ತಂತ್ರಾಂಶ ಬ್ಲಾಸ್ಟ್. 1990ರಲ್ಲಿ ಬಂದ ಇದು ಇಂದಿಗೂ ಅಮೆರಿಕದ ಜೈವಿಕ ಮಾಹಿತಿ ಕೇಂದ್ರವಾದ ಎನ್‌ಸಿಬಿಐ ತಾಣದಲ್ಲಿ ಪುಕ್ಕಟೆ ಸಿಗುತ್ತದೆ; ನಮ್ಮದೇ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಆವೃತ್ತಿಯೂ ಉಂಟು. ಒಂದು ಬ್ಯಾಕ್ಟೀರಿಯಾದ ನಾಲ್ಕೈದು ಸಾವಿರ ಪ್ರೋಟೀನುಗಳಲ್ಲಿ ಬೇಕಾದ ಕಿಣ್ವವನ್ನು ಹೋಲುವವನ್ನು ಹೆಕ್ಕಿ ಕೊಡುವುದರಲ್ಲಿ ಇದಕ್ಕೆ ಪೂರ್ತಿ ಅಂಕ. ಆದರೆ ಆ ಪಟ್ಟಿಯನ್ನೇ ಉತ್ತರ ಅಂದುಕೊಂಡರೆ ಕೆಟ್ಟಿತು.

ಇ. ಕೋಲೈ ಕೆ-12ರ ಲ್ಯಾಕ್‌ಜೆಡ್ ಪ್ರೋಟೀನನ್ನು, ಅಂದರೆ ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಒಡೆಯುವ 1,024 ಅಮೈನೊ ಆಮ್ಲಗಳ ಬೀಟಾ-ಗ್ಯಾಲಕ್ಟೊಸಿಡೇಸನ್ನು, ಅದರದೇ ಜೀನೋಮಿನ ಪ್ರೋಟೀನುಗಳ ಮೇಲೆ ಬ್ಲಾಸ್ಟ್‌ಪಿಯಲ್ಲಿ (ಪ್ರೋಟೀನಿಗೆ ಪ್ರೋಟೀನ್ ಹೋಲಿಸುವ ಬ್ಲಾಸ್ಟ್) ಓಡಿಸಿ ನೋಡಿ. ಮೊದಲ ಸಾಲು ಅದೇ. ಅದರ ಕೆಳಗೆ ಇಬಿಜಿಎ ಎಂಬ ಇನ್ನೊಂದು ಪ್ರೋಟೀನು: ಉದ್ದ ಹೆಚ್ಚುಕಡಿಮೆ ಅಷ್ಟೇ, ಮೂರನೇ ಒಂದು ಭಾಗದಷ್ಟು ಅಕ್ಷರಗಳು (ಅಮೈನೊ ಆಮ್ಲಗಳು) ತಾಳೆಯಾಗುತ್ತವೆ, ಇ-ವ್ಯಾಲ್ಯೂ (ಇಷ್ಟು ಒಳ್ಳೆಯ ಜೋಡಣೆಗಳು ಆಕಸ್ಮಿಕವಾಗಿ ಎಷ್ಟು ಸಿಗಬಹುದೆಂಬ ಅಂದಾಜು) ಸೊನ್ನೆಗೆ ಹತ್ತಿರ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಅಭ್ಯರ್ಥಿ ಬೇಕೆ? ಆದರೂ ಲ್ಯಾಕ್‌ಜೆಡ್ ತೆಗೆದ ತಳಿ, ಮ್ಯುಟೇಶನ್ ಆಗದ ಇಬಿಜಿಎ ಒಂದನ್ನೇ ನಂಬಿ ಲ್ಯಾಕ್ಟೋಸಿನ ಮೇಲೆ ಬೆಳೆಯಲಾರದು. ಇದೇ ಜಿಎಚ್2 ಕುಟುಂಬದ (ಜಿಎಚ್ ಎಂದರೆ ಸಕ್ಕರೆಯ ಬಂಧ ಒಡೆಯುವ ಕಿಣ್ವಗಳ ವರ್ಗ) ಯುಐಡಿಎ ಪ್ರೋಟೀನು ಒಡೆಯುವುದಂತೂ ಗ್ಲುಕುರೊನೈಡ್ ಎಂಬ ಬೇರೆಯದೇ ಸಂಯುಕ್ತವನ್ನು.

ಹಾಗಾಗಿ ಅಲೈನ್‌ಮೆಂಟ್ (ಎರಡು ಅನುಕ್ರಮಗಳ ಜೋಡಣೆ) ತೆರೆದು ಸಕ್ರಿಯ ತಾಣದ, ಅಂದರೆ ಕಿಣ್ವದ ಕೆಲಸ ನಡೆಯುವ ಜಾಗದ, ಅಕ್ಷರಗಳನ್ನು ಕಣ್ಣಾರೆ ನೋಡಬೇಕು. ಲ್ಯಾಕ್‌ಜೆಡ್‌ನಲ್ಲಿ ಅವು 461 ಮತ್ತು 537ನೇ ಗ್ಲುಟಮೇಟ್‌ಗಳು. ಹಳೆಯ ಪ್ರಬಂಧಗಳು ಮೊದಲ ಮೆಥಿಯೊನಿನ್ ಬಿಟ್ಟು ಎಣಿಸಿವೆ. ಪ್ರೋಟೀನ್ ಡೇಟಾಬೇಸ್ ಯೂನಿಪ್ರಾಟ್‌ನ ಅನುಕ್ರಮದಲ್ಲಿ ಅವೇ 462, 538. ಈ ಒಂದರ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಅಭ್ಯರ್ಥಿಯನ್ನು ಕಸದ ಬುಟ್ಟಿಗೆ ಹಾಕುವುದು ಬಹಳ ಸುಲಭ. ಗ್ಲುಟಮೇಟ್‌ಗಳು ಇದ್ದರೂ ಕುಟುಂಬ ಗಟ್ಟಿಯಾಯಿತು ಅಷ್ಟೇ. ಯಾವ ಸಕ್ಕರೆ ಎಂಬುದನ್ನು ಪ್ರಯೋಗವೇ ಹೇಳಬೇಕು.

ಇ-ವ್ಯಾಲ್ಯೂ ಡೇಟಾಬೇಸಿನ ಗಾತ್ರಕ್ಕೆ ತಕ್ಕಂತೆ ಕುಣಿಯುತ್ತದೆ. ಸಾವಿರ ಪಟ್ಟು ದೊಡ್ಡ ಡೇಟಾಬೇಸಿನಲ್ಲಿ ಅದೇ ಜೋಡಣೆಯ ಇ-ವ್ಯಾಲ್ಯೂ ಸಾವಿರ ಪಟ್ಟು ಹೆಚ್ಚುತ್ತದೆ. ಎರಡು ಹುಡುಕಾಟಗಳನ್ನು ಹೋಲಿಸಬೇಕಿದ್ದರೆ ಡೇಟಾಬೇಸಿನ ಗಾತ್ರಕ್ಕೆ ಬದಲಾಗದ ಬಿಟ್ ಸ್ಕೋರ್ ನೋಡಿ. ಶೇಕಡಾ ಹೋಲಿಕೆಯೂ ಜೋಡಣೆಯಾದ ತುಂಡಿನದು ಮಾತ್ರ: 80 ಅಕ್ಷರಗಳಲ್ಲಿ ಶೇ 60 ಬಂದರೆ ಸಿಕ್ಕಿದ್ದು ಬಹುಶಃ ಒಂದು ಡೊಮೈನ್ (ಪ್ರೋಟೀನಿನ ಒಂದು ಭಾಗ), ಇಡೀ ಕಿಣ್ವವಲ್ಲ. ಕ್ವೆರಿ ಕವರ್ (ನಾವು ಕೊಟ್ಟ ಅನುಕ್ರಮದಲ್ಲಿ ಜೋಡಣೆಯಾದ ಪಾಲು) ಶೇ 70ಕ್ಕಿಂತ ಕೆಳಗಿದ್ದರೆ ಅನುಮಾನದಿಂದಲೇ ನೋಡುವುದು ಒಳ್ಳೆಯದು.

ಬೇಸರದ ಸಂಗತಿಯೆಂದರೆ, ಇಳಿಸಿಕೊಂಡ ಆವೃತ್ತಿಯ 6ನೇ ನಮೂನೆಯ ಕೋಷ್ಟಕದಲ್ಲಿ ಹನ್ನೆರಡು ಕಾಲಂಗಳಿದ್ದರೂ ಈ ಕವರೇಜ್ ಮಾತ್ರ ಇಲ್ಲ. ಕ್ಯೂಕವ್ಸ್ (qcovs) ಎಂದು ನಾವೇ ಸೇರಿಸಬೇಕು. ಇ-ವ್ಯಾಲ್ಯೂ ಮಿತಿಯೂ ಅಲ್ಲಿ 10 ಇರುತ್ತದೆ, ಬಿಗಿ ಮಾಡದಿದ್ದರೆ ಕಸವೂ ತುಂಬಿಕೊಳ್ಳುತ್ತದೆ.

ಅನೊಟೇಶನ್ (ಜೀನೋಮಿನಲ್ಲಿ ಜೀನುಗಳನ್ನು ಗುರುತಿಸಿ ಹೆಸರಿಟ್ಟ ಪಟ್ಟಿ) ಮೇಲೆ ನಂಬಿಕೆ ಇಲ್ಲದಿದ್ದರೆ, ಡಿಎನ್‌ಎಯನ್ನು ಪ್ರೋಟೀನಿಗೆ ಅನುವಾದಿಸಿ ಹೋಲಿಸುವ ಟಿಬ್ಲಾಸ್ಟ್‌ಎನ್ ಬಳಸಿ ನೇರ ಡಿಎನ್‌ಎ ಮೇಲೆಯೇ ಹುಡುಕಿ. ಒಂದೇ ಜೀನ್ ಪಕ್ಕಪಕ್ಕದಲ್ಲಿ ಎರಡು ಬೇರೆ ಫ್ರೇಮುಗಳಲ್ಲಿ (ಮೂರು ಮೂರು ಅಕ್ಷರವಾಗಿ ಓದುವ ಸಾಲುಗಳಲ್ಲಿ) ಸಿಕ್ಕರೆ ಅದು ಸೀಕ್ವೆನ್ಸಿಂಗ್ ತಪ್ಪೋ, ನಿಜವಾಗಿಯೂ ಕೆಟ್ಟ ಜೀನೋ ನೋಡಬೇಕು. ಜೀನು ಕಾಂಟಿಗ್ (ಸೀಕ್ವೆನ್ಸಿಂಗ್‌ನಲ್ಲಿ ಸಿಕ್ಕ ಒಂದು ನಿರಂತರ ಡಿಎನ್‌ಎ ತುಂಡು) ತುದಿಯಲ್ಲಿ ತುಂಡಾಗಿದ್ದರೆ ಜೋಡಣೆಯ ಅರ್ಧ ಮಾತ್ರ ಕಾಣುತ್ತದೆ. ಡಿಎನ್‌ಎಯನ್ನು ಪ್ರೋಟೀನಿಗೆ ಅನುವಾದಿಸುವ ಜೆನೆಟಿಕ್ ಕೋಡ್ ಕೋಷ್ಟಕ 1 ಇಡಲೋ 11 ಇಡಲೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಎರಡಕ್ಕೂ ಇರುವ ವ್ಯತ್ಯಾಸ ಪ್ರಾರಂಭ ಕೋಡಾನುಗಳದ್ದು ಮಾತ್ರ. ಮೈಕೊಪ್ಲಾಸ್ಮಾ ಆದರೆ 4 ಇಡಲೇಬೇಕು. ಅಲ್ಲಿ ಟಿಜಿಎ ಎಂದರೆ ಟ್ರಿಪ್ಟೊಫಾನ್.

ಬ್ಲಾಸ್ಟಿನ ದೊಡ್ಡ ಕುರುಡು ಅದರ ಮೌನದಲ್ಲಿದೆ. ಬೀಟಾ-ಗ್ಯಾಲಕ್ಟೊಸಿಡೇಸ್ ಕೆಲಸ ಮಾಡುವ ಕಿಣ್ವಗಳು ಜಿಎಚ್1, 35, 42 ಕುಟುಂಬಗಳಲ್ಲೂ ಇವೆ. ಲ್ಯಾಕ್‌ಜೆಡ್ ಇಟ್ಟು ಹುಡುಕಿ ಏನೂ ಸಿಗದಿದ್ದರೆ ‘ಈ ಕಿಣ್ವ ಇಲ್ಲ’ ಎಂದು ಬರೆದುಬಿಡಬೇಡಿ. ಪ್ರತಿ ಕುಟುಂಬದಿಂದ ಪ್ರಯೋಗದಲ್ಲಿ ಸಾಬೀತಾದ ಒಂದೆರಡು ಅನುಕ್ರಮ ಇಟ್ಟು ಮತ್ತೆ ಓಡಿಸಿ. ಆಮೇಲೂ ಬರಿಗೈ ಆದರೆ ಎಚ್‌ಎಂಎಂಇಆರ್ ಎಂಬ ಇನ್ನೊಂದು ಹುಡುಕು ತಂತ್ರಾಂಶದಲ್ಲಿ ಕುಟುಂಬದ ಪ್ರೊಫೈಲ್ (ಹಲವು ಸದಸ್ಯರ ಅನುಕ್ರಮಗಳಿಂದ ಮಾಡಿದ ಮಾದರಿ) ಹಾಕಿ ನೋಡಿ.