ಸುಮಾಟ್ರಿಪ್ಟಾನ್ 50: ತಲೆನೋವಿಗೆ ಒಳ್ಳೆಯದು, ಹೊಟ್ಟೆಯ ಮೇಲೂ ಕಣ್ಣಿರಲಿ

ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ಮುಂಬೈ ಲೋಕಲ್ ರೈಲಿನಲ್ಲಿ ನಿಂತೇ ಹೋಗುವ ಮೈಗ್ರೇನ್ ರೋಗಿಗಳಿಗೆ 50 ಮಿಲಿಗ್ರಾಂನ ಈ ಮಾತ್ರೆ ನಿಜಕ್ಕೂ ಆಸರೆ. ನೋವು ಶುರುವಾದ ಕೂಡಲೇ ಒಂದು ನುಂಗಬೇಕು. ಕಡಿಮೆಯಾಗಿ ಮರುಕಳಿಸಿದರೆ ಮಾತ್ರ 2 ಗಂಟೆ ಬಿಟ್ಟು ಇನ್ನೊಂದು. 24 ಗಂಟೆಯಲ್ಲಿ 200 ಮಿಲಿಗ್ರಾಂ ಮೀರಕೂಡದು. ಮೈಗ್ರೇನ್ ಹೊತ್ತಿನಲ್ಲಿ ಜಠರ ಮಂದವಾಗುವುದರಿಂದ ತಡವಾಗಿ ನುಂಗಿದರೆ ಪರಿಣಾಮವೂ ತಡ.

ಕೌಂಟರಿನಲ್ಲಿ ಯಾರೂ ಹೇಳದ ಮಾತು ಬೇರೆಯಿದೆ. ಇದು ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧ. ತೀರಾ ಅಪರೂಪಕ್ಕೆ ಕರುಳಿನವನ್ನೂ ಬಿಗಿಯುತ್ತದೆ. ದೊಡ್ಡ ಕರುಳಿಗೆ ರಕ್ತ ಸಾಲದೆ ಇಸ್ಕೀಮಿಕ್ ಕೊಲೈಟಿಸ್ ಆಗಬಹುದು: ಹಠಾತ್ತನೆ ಹೊಟ್ಟೆ ಹಿಂಡುವ ನೋವು, ಆಮೇಲೆ ರಕ್ತಭೇದಿ. ರಸ್ತೆಬದಿಯ ವಡಾಪಾವ್ ಕಾರಣವೆಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ತಿನ್ನಬೇಡಿ. ಸುಮಾಟ್ರಿಪ್ಟಾನ್ ನಿಲ್ಲಿಸಿ, ಸ್ಟ್ರಿಪ್ ಕೈಯಲ್ಲಿ ಹಿಡಿದೇ ತಕ್ಷಣ ಆಸ್ಪತ್ರೆಗೆ ಹೋಗಿ.

ಹೃದಯದ ರಕ್ತನಾಳದ ಕಾಯಿಲೆ, ಹಿಂದೆ ಪಾರ್ಶ್ವವಾಯು, ಹತೋಟಿಗೆ ಬಾರದ ಬಿಪಿ ಇದ್ದವರಿಗೆ ಇದು ಬೇಡವೇ ಬೇಡ. ಎರ್ಗೋಟಮಿನ್ (ಮೈಗ್ರೇನ್‌ನ ಹಳೆಯ ಔಷಧ) ಇರುವ ಮಾತ್ರೆ ತಿಂದಿದ್ದರೆ 24 ಗಂಟೆ ಕಾಯಲೇಬೇಕು, ಏಕೆಂದರೆ ಅದೂ ರಕ್ತನಾಳ ಬಿಗಿಯುವಂಥದ್ದೇ. ಹಳೆಯ ಸ್ಟ್ರಿಪ್‌ಗಳ ಹಿಂಭಾಗ ಓದಿ ನೋಡಿ. ತಿಂಗಳಿಗೆ 10 ದಿನ ತಿನ್ನುವ ಹಂತ ತಲುಪಿದರೆ ಮಾತ್ರೆಯೇ ತಲೆನೋವು ತರಬಹುದು. ಆಗ ನರರೋಗ ತಜ್ಞರ ಬಳಿ ತಡೆಗಟ್ಟುವ ಔಷಧ ಕೇಳಿ.