ಹಳೇ ಬೆಳ್ಳಿ ಮೆಡಲ್‌ಗೆ ಬೆಲೆ ಕಟ್ಟಿಸೋಕೆ ಆಭರಣದ ಅಂಗಡಿಗೆ ಹೋಗಬೇಡಿ

ಮನೆಯಲ್ಲಿ ಹಳೇ ಬೆಳ್ಳಿ ಮೆಡಲ್ ಇದ್ದು, ಎಷ್ಟು ಬೆಲೆ ಬಾಳುತ್ತೆ ಅಂತ ತಿಳಿಯಬೇಕು ಅನ್ನಿಸಿದರೆ ದಯವಿಟ್ಟು ಆಭರಣದ ಅಂಗಡಿಗೆ ಒಯ್ಯಬೇಡಿ. ಒಯ್ಯಲೇಬೇಕಾದರೆ ಕೈಯಿಂದ ಬಿಡಬೇಡಿ. ದಾವಣಗೆರೆಯಲ್ಲಿ ನಮ್ಮ ಮನೆಯವರಿಗೆ ಆದದ್ದನ್ನು ಹೇಳುತ್ತಿದ್ದೇನೆ. ಅಂಗಡಿ ಹೆಸರು ಕೇಳಬೇಡಿ. ಆಮೇಲೆ ನಾಲ್ಕು ಕಡೆ ವಿಚಾರಿಸಿದಾಗ ಗೊತ್ತಾಯ್ತು, ಈ ಪದ್ಧತಿ ಅವರೊಬ್ಬರದ್ದೇ ಅಲ್ಲ.

ನಮ್ಮ ದೊಡ್ಡಪ್ಪ ಇಲ್ಲಿನ ಹತ್ತಿ ಮಿಲ್‌ನಲ್ಲಿ ಇದ್ದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಮಿಲ್ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದವರು ಅಲ್ಲಿಂದ ಒಂದು ಹುಚ್ಚು ಹತ್ತಿಸಿಕೊಂಡು ಬಂದರು, ಹಳೇ ಕಟ್ಟಡಗಳ ಚಿತ್ರ ಅಚ್ಚು ಹಾಕಿದ ಮೆಡಲ್ ಕೂಡಿಡುವ ಹುಚ್ಚು. ಸೇಂಟ್ ಪಾಲ್ಸ್, ವೆಸ್ಟ್‌ಮಿನ್‌ಸ್ಟರ್ ಅಬೆ, ಲಂಡನ್ ಟವರ್, ಹೀಗೆ. ಹೆಚ್ಚಿನವು 1970ರ ದಶಕದವು, ಆಗ ಇಂಥ ಸ್ಟರ್ಲಿಂಗ್ ಬೆಳ್ಳಿ ಸೆಟ್‌ಗಳು ಬೇಕಾದಷ್ಟು ಬಂದವು. ಅಂಚಿನಲ್ಲಿ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮುದ್ರೆಗಳಿರುತ್ತವೆ. ನಡೆಯುವ ಸಿಂಹ ಅಂದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆ ಆದದ್ದು, ಚಿರತೆಯ ತಲೆ ಇದ್ದರೆ ಲಂಡನ್ನಿನಲ್ಲಿ. ಪಕ್ಕದಲ್ಲಿರುವ ಒಂದು ಅಕ್ಷರ ವರ್ಷ ಹೇಳುತ್ತೆ. ದೊಡ್ಡಪ್ಪ ನಮ್ಮ ಕೈಗೆ ಭೂತಗನ್ನಡಿ ಕೊಟ್ಟು ಇದನ್ನೆಲ್ಲ ಓದಿಸುತ್ತಿದ್ದರು, ತಪ್ಪು ಹೇಳಿದರೆ ಬೈಯುತ್ತಿದ್ದರು ಕೂಡ.

ಅವರು ತೀರಿಕೊಂಡ ಮೇಲೆ ಮಕ್ಕಳಿಗೆ ಪಾಲು ಮಾಡುವ ಮಾತು ಬಂತು. "ಸುಮ್ನೆ ಒಂದು ರೇಟ್ ಕೇಳ್ಕೊಂಡು ಬರೋಣ ಬಾರೋ" ಅಂತ ದೊಡ್ಡಮ್ಮ ಕರೆದರು. ಪುಣ್ಯಕ್ಕೆ ಕೆಲವನ್ನು ಮಾತ್ರ ಒಯ್ದಿದ್ದೆವು. ಅಂಗಡಿಯಲ್ಲಿ ಕೂತಾಗ ನನಗೊಂದು ಫೋನ್ ಬಂತು, ಒಳಗೆ ಗದ್ದಲ, ಹೊರಗೆ ಬಂದೆ. ವಾಪಸ್ ಹೋಗುವಷ್ಟರಲ್ಲಿ ಅಲ್ಲಿನ ಹುಡುಗ ಅರ ತಗೊಂಡು ಒಂದರ ಅಂಚನ್ನು ಉಜ್ಜಿ ಆಗಿತ್ತು. ಮೇಲೆ ಮಾತ್ರ ಬೆಳ್ಳಿನಾ, ಒಳಗೂ ಬೆಳ್ಳಿನಾ ಅಂತ ನೋಡೋಕಂತೆ. ಉಜ್ಜಿದ್ದು ಸರಿಯಾಗಿ ಮುದ್ರೆಯ ಮೇಲೆ! ಸಿಂಹ ಉಳಿದಿದೆ, ಲಂಗರು ಹೋಗಿದೆ, ವರ್ಷದ ಅಕ್ಷರ ಅರ್ಧ ಇದೆ. ಬೆಳ್ಳಿ ಅಂತ ಸಾಕ್ಷಿ ಹೇಳುವ ಗುರುತನ್ನೇ ಅಳಿಸಿ, ಬೆಳ್ಳಿ ಹೌದಾ ಅಂತ ಪರೀಕ್ಷೆ ಮಾಡುವ ಜಾಣತನ ನೋಡಿ.

ಇನ್ನೊಬ್ಬ ಉಳಿದವನ್ನು ಅಂಟುವಾಳದ ನೀರಿಗೆ ಅದ್ದಿ ಹಿತ್ತಾಳೆ ತಂತಿ ಬ್ರಷ್‌ನಲ್ಲಿ ಗಸಗಸ ತಿಕ್ಕುತ್ತಿದ್ದ. ಕಾಲ್ಗೆಜ್ಜೆಗೆ ಅದು ಸರಿ. ಈ ಮೆಡಲ್‌ಗಳಲ್ಲಿ ಹಿನ್ನೆಲೆ ಕನ್ನಡಿಯ ಹಾಗೆ ಹೊಳೆಯಬೇಕು, ಕಟ್ಟಡ ಮಾತ್ರ ಮಾಸಲು ಬಿಳುಪಿನಲ್ಲಿ ಎದ್ದು ಕಾಣಬೇಕು, ಹಾಗೆ ಅಚ್ಚು ಹಾಕಿರುತ್ತಾರೆ. ಈಗ ಸೇಂಟ್ ಪಾಲ್ಸ್ ಗುಮ್ಮಟದ ಸುತ್ತ ಬೆಳಕು ಬಿದ್ದರೆ ಬರೀ ಗೀರು. ಅಂಚಿನ ಕಡೆ ಹೊನ್ನಿನ ಬಣ್ಣ, ಆಚೆಗೆ ನೀಲಿ ತಿರುಗಿತ್ತು, ಅದೂ ಹೋಯ್ತು. ಗಾಳಿಯಲ್ಲಿರೋ ಗಂಧಕದ ಅಂಶ ಬೆಳ್ಳಿ ಜೊತೆ ಸೇರಿ ವರ್ಷಾನುಗಟ್ಟಲೆ ನಿಧಾನಕ್ಕೆ ಬರುವ ಬಣ್ಣ ಅದು, ಅದು ಹಾಗೇ ಇದ್ದರೆ ಸಂಗ್ರಹ ಮಾಡುವವರು ಜಾಸ್ತಿ ಕೊಡುತ್ತಾರೆ. ದೊಡ್ಡಮ್ಮನಿಗೆ ಮಾತ್ರ ಖುಷಿಯೋ ಖುಷಿ. "ನೋಡೋ, ಹೊಸದರ ಹಂಗೆ ಆಯ್ತಲ್ಲ!" ಅವರಿಗೆ ಏನಂತ ಹೇಳೋದು?

ಆಮೇಲೆ ರೇಟ್. "ಫಾರಿನ್ ಬೆಳ್ಳಿ ಅಮ್ಮ, ಪ್ಯೂರ್ ಇರಲ್ಲ, 70 ಟಚ್ ಹಿಡಿತೀವಿ" ಅಂದರು. 70 ಟಚ್ ಅಂದರೆ ನೂರಕ್ಕೆ 70 ಪಾಲು ಮಾತ್ರ ಬೆಳ್ಳಿ ಅಂತ. ಲೆಕ್ಕ ಹಾಕಿ ನೋಡಿ. 60 ಗ್ರಾಂ ಮೆಡಲ್‌ನಲ್ಲಿ 925ರ ಪ್ರಕಾರ 55.5 ಗ್ರಾಂ ಬೆಳ್ಳಿ ಇದೆ. 70 ಹಿಡಿದರೆ 42 ಗ್ರಾಂ. ಒಂದೊಂದರಲ್ಲೂ 13.5 ಗ್ರಾಂ ಮಾಯ, ಅದರ ಮೇಲೆ ಕರಗಿಸುವ ಸವಕಳಿ ಬೇರೆ. ಬೆಲೆ ಹೇಳುವವನೇ ಕೊಳ್ಳುವವನೂ ಆದರೆ ಹೀಗೇ ಆಗೋದು. ಇದನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂದೆ ಪೆನ್ನಲ್ಲಿ ಗೀಚಿ ತೋರಿಸಿದರು. ಬರೆದು ಸಹಿ ಹಾಕಿ ಕೊಡಿ ಅಂದರೆ ಆ ಕಾಗದವನ್ನೂ ಒಳಗೆ ಇಟ್ಟುಕೊಂಡರು. ಅಂಚು ಹಾಳು ಮಾಡಿದ್ದಕ್ಕೆ ಏನು ಹೇಳ್ತೀರಿ ಅಂತ ಕೇಳಿದೆ. "ಚೆಕಿಂಗ್ ಚಾರ್ಜ್ ಬಿಟ್ಟಿದೀನಲ್ಲ ಸಾರ್!"

ಅವರು ಕೈಯಲ್ಲಿ ಹಿಡಿದ ತಕ್ಷಣ "ಇದು ಸೀಸ, ಬಿಸಾಕಿ" ಅಂದ ಮೆಡಲ್ ಒಂದಿತ್ತು. ಅದರಲ್ಲಿರೋದು ಕ್ರಿಸ್ಟಲ್ ಪ್ಯಾಲೇಸ್, 1851ರ ಮಹಾಪ್ರದರ್ಶನಕ್ಕೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಟ್ಟಿದ ಗಾಜಿನ ಕಟ್ಟಡ. ಲಾಲ್‌ಬಾಗಿನ ಗಾಜಿನ ಮನೆಗೆ ಅದೇ ಮಾದರಿ. ಆಮೇಲೆ ಕ್ರಿಸ್ಟಲ್ ಪ್ಯಾಲೇಸನ್ನು ಬಿಚ್ಚಿ ಬೇರೆ ಕಡೆ ಕಟ್ಟಿದರು, 1936ರಲ್ಲಿ ಸುಟ್ಟು ಹೋಯ್ತು. ಪ್ರದರ್ಶನ ನೋಡೋಕೆ ಬಂದವರಿಗೆ ಮಾರಲು ವೈಟ್ ಮೆಟಲ್ ಅನ್ನುವ, ಮುಖ್ಯವಾಗಿ ತವರ ಇರುವ ಮಿಶ್ರಲೋಹದಲ್ಲಿ ಈ ಮೆಡಲ್‌ಗಳನ್ನು ರಾಶಿ ರಾಶಿ ಹೊಡೆದರು. ಹಾಗಾಗಿ ಭಾರೀ ಬೆಲೆ ಏನಿಲ್ಲ, ಆದರೆ ಬಿಸಾಕುವ ವಸ್ತು ಖಂಡಿತ ಅಲ್ಲ. ಉಲ್ಟಾ ಮೋಸವೂ ಇದೆ, ಇಂಥದ್ದನ್ನೇ "ಹಳೇ ಬೆಳ್ಳಿ" ಅಂತ ಮಾರುತ್ತಾರೆ.

ಅರ, ಆಸಿಡ್ ಯಾವುದೂ ಬೇಡ, ಮನೆಯಲ್ಲೇ ನೋಡಬಹುದು. ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಮೆಡಲ್ ತೂಗಿ. ಅದೇ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಮೆಡಲನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. ಸ್ಟರ್ಲಿಂಗ್ ಆದರೆ 10.3 ಹತ್ತಿರ ಬರಬೇಕು, ಅಂದರೆ 60 ಗ್ರಾಂ ಮೆಡಲ್‌ಗೆ ಅಂಕಿ 5.8 ಆಸುಪಾಸು. ಜರ್ಮನ್ ಸಿಲ್ವರ್‌ಗೆ 8.7ರ ಹತ್ತಿರ ಬರುತ್ತೆ, ಅದರಲ್ಲಿ ಬೆಳ್ಳಿಯೇ ಇರಲ್ಲ. ತವರದ್ದು 7.3. ಆದಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಮ್ಯಾಗ್ನೆಟ್ ಹಿಡಿದು ಅಂಟಲಿಲ್ಲ ಅಂತ ತೋರಿಸುವವರನ್ನು ನಂಬಬೇಡಿ, ತಾಮ್ರಕ್ಕೂ ತವರಕ್ಕೂ ಅಂಟಲ್ಲ. ಎಕ್ಸ್‌ರೇ ಹಾಯಿಸಿ ಲೋಹ ನೋಡುವ ಕಂಪ್ಯೂಟರ್ ಮಿಷನ್‌ನಲ್ಲಿ ಹಾಕಿಸಿದರೆ ಗೀರು ಬೀಳಲ್ಲ ನಿಜ, ಆದರೆ ಅದು ಮೇಲ್ಪದರ ಮಾತ್ರ ನೋಡೋದು, ದಪ್ಪ ಬೆಳ್ಳಿ ಲೇಪನ ಇದ್ದರೆ ಮೋಸ ಹೋಗುತ್ತೆ. ನೀರಿನ ಪರೀಕ್ಷೆ, ಮಿಷನ್ ಎರಡನ್ನೂ ಸೇರಿಸಿ ನೋಡಿ.

ನಮ್ಮ ದೇಶದ ನೆನಪಿನ ನಾಣ್ಯಗಳನ್ನೂ "ಪ್ಯೂರ್ ಸಿಲ್ವರ್ ಮೆಡಲ್" ಅಂತ ತಲೆಗೆ ಕಟ್ಟುತ್ತಾರೆ. ಹೊಸ ಸಂಸತ್ ಭವನದ 2023ರ 75 ರೂಪಾಯಿ ನಾಣ್ಯ 35 ಗ್ರಾಂ, ಅದರಲ್ಲಿ ಬೆಳ್ಳಿ ಅರ್ಧವೇ. ತಂಜಾವೂರು ಬೃಹದೀಶ್ವರ ದೇಗುಲಕ್ಕೆ ಸಾವಿರ ವರ್ಷ ತುಂಬಿದ್ದಕ್ಕೆ ಬಂದ 1000 ರೂಪಾಯಿಯದ್ದೂ 35 ಗ್ರಾಂ, ಬೆಳ್ಳಿ 80 ಪರ್ಸೆಂಟ್.

ಇಷ್ಟು ಹೇಳಿದೆ ಅಂತ 1970ರ ಸೆಟ್‌ಗೆ ಲಕ್ಷಗಟ್ಟಲೆ ಬರುತ್ತೆ ಅಂದುಕೊಳ್ಳಬೇಡಿ. ಎಷ್ಟೋ ಸೆಟ್‌ಗಳು ಇವತ್ತು ಬೆಳ್ಳಿ ದರದ ಆಸುಪಾಸಿಗೇ ಮಾರಾಟ ಆಗೋದು. ಡಬ್ಬಿ, ಸರ್ಟಿಫಿಕೇಟ್, ಕೈ ತಾಗದ ಮೈ ಇದ್ದರೆ ಸ್ವಲ್ಪ ಮೇಲೆ. ಬೆಂಗಳೂರಿನಲ್ಲಿ ನಾಣ್ಯ ವ್ಯಾಪಾರ ಮಾಡುವವರೊಬ್ಬರಿಗೆ ಫೋಟೋ ಕಳಿಸಿದೆ. ಅಂಗಡಿಗೆ ಒಯ್ಯದೆ ಉಳಿದವನ್ನು ನೋಡೋಣ ಅಂದರು, ತಿಕ್ಕಿದವಕ್ಕೆ ಬರೀ ಬೆಳ್ಳಿ ರೇಟ್. ಡಬ್ಬಿಗಳ ಫೋಟೋ ಕೂಡ ಕೇಳಿದ್ದಾರೆ. ನಮ್ಮಣ್ಣ ಅವನ್ನು ಗುಜರಿಯವನಿಗೆ ಹಾಕೋಕೆ ಚೀಲ ತುಂಬಿಟ್ಟಿದ್ದ, ಹೋಗಿ ವಾಪಸ್ ತೆಗೆಸಿದೆ.