ಎತ್ತಿನ ಪಿತ್ತದ ಕ್ಯಾಪ್ಸೂಲ್, 125 ಮಿ.ಗ್ರಾಂ: 11 ತಿಂಗಳ ಬಳಕೆಯ ನಂತರ

5ಕ್ಕೆ 3 ಸ್ಟಾರ್.

ಕಾರ್ನಿವೋರ್ ಡಯಟ್ ಎಂದರೆ ಮಾಂಸ, ಮೀನು, ಮೊಟ್ಟೆ, ಪ್ರಾಣಿಕೊಬ್ಬು ಇಷ್ಟೇ. ಶುರು ಮಾಡಿದವರಲ್ಲಿ ಬಹಳ ಜನಕ್ಕೆ ಮೊದಲ ವಾರದಲ್ಲೇ ಹೊಟ್ಟೆ ಕೆಡುತ್ತದೆ. ಅದಕ್ಕೆ ಮದ್ದು ಎಂದು ಮಾರುವ ಮಾಲು ಈ ಆಕ್ಸ್ ಬೈಲ್, ಅಂದರೆ ಎತ್ತಿನ ಪಿತ್ತ. ಕೆಲಸ ಮಾಡುತ್ತದೆಯೇ ಎಂದರೆ ಮಾಡುತ್ತದೆ, ಆದರೆ ಮೂರು ಬಗೆಯ ಭೇದಿಯಲ್ಲಿ ಒಂದೇ ಒಂದಕ್ಕೆ. ಉಳಿದ ಎರಡರಲ್ಲಿ ಒಂದಕ್ಕೆ ಕೊಟ್ಟರೆ ದುಡ್ಡು ದಂಡ, ಇನ್ನೊಂದಕ್ಕೆ ಕೊಟ್ಟರೆ ಭೇದಿ ಹೆಚ್ಚುತ್ತದೆ. ನಿಮ್ಮದು ಯಾವುದು ಎಂದು ತಿಳಿಯುವ ದಾರಿ ಬಾಟಲಿಯ ಮೇಲೆ ಎಲ್ಲೂ ಬರೆದಿಲ್ಲ.

ಹೆಸರಿನ ಗೊಂದಲ ಮೊದಲು ಮುಗಿಸೋಣ. ನಮ್ಮ ಮಾತಿನಲ್ಲಿ 'ಪಿತ್ತ ಏರಿದೆ' ಎಂದರೆ ತಲೆಸುತ್ತು, ವಾಕರಿಕೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ದನದ ಪಿತ್ತರಸ ಒಣಗಿಸಿ ಮಾಡಿದ ಪುಡಿ. ಪಿತ್ತರಸ ಕೊಬ್ಬನ್ನು ಜೀರ್ಣಿಸುವುದಿಲ್ಲ, ಒಡೆದು ಸಣ್ಣ ಹನಿಗಳಾಗಿಸುತ್ತದೆ, ಅಷ್ಟೆ. ಆ ಹನಿಗಳ ಮೇಲೆ ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕೊಬ್ಬು ಜೀರ್ಣಿಸುವ ಕಿಣ್ವ ಕೆಲಸ ಮಾಡುತ್ತದೆ. ಜಿಡ್ಡು ಪಾತ್ರೆಗೆ ಸೋಪು ಮಾಡುವ ಕೆಲಸವೇ ಇದು. ಜಲವರ್ಣ ಚಿತ್ರಕಾರರು ಬಣ್ಣ ಕಾಗದದ ಮೇಲೆ ಸರಾಗವಾಗಿ ಹರಡಲಿ ಎಂದು ಇದೇ ಎತ್ತಿನ ಪಿತ್ತವನ್ನು ಹನಿ ಹನಿ ಬೆರೆಸುತ್ತಾರೆ. ಕ್ಯಾಪ್ಸೂಲ್ ಬಿಚ್ಚಿ ಒಂದು ಚಿಟಿಕೆ ಪುಡಿಯನ್ನು ಬಿಸಿನೀರು ಮತ್ತು ಅರ್ಧ ಚಮಚ ತುಪ್ಪದ ಲೋಟಕ್ಕೆ ಹಾಕಿ ಕಲಕಿದರೆ ಕಣ್ಣಾರೆ ಕಾಣುತ್ತದೆ: ಮೇಲೆ ತೇಲುತ್ತಿದ್ದ ಹಳದಿ ಪದರ ಒಡೆದು ನೀರು ಮಜ್ಜಿಗೆಯಂತೆ ಮಬ್ಬಾಗುತ್ತದೆ.

ಈಗ ಯಾವ ಭೇದಿ ಎಂಬ ಪ್ರಶ್ನೆ. ಅಸಹ್ಯ ಅನಿಸಬಹುದು, ಆದರೆ ಟಾಯ್ಲೆಟ್‌ನಲ್ಲಿ ಒಮ್ಮೆ ಬಗ್ಗಿ ನೋಡದೆ ಈ ಡಯಟ್ ಮಾಡುವುದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದ ಹಾಗೆ. ಮಲ ಬಿಳಿಚಿಕೊಂಡು, ಜಿಡ್ಡಾಗಿ, ನೀರಿನ ಮೇಲೆ ತೇಲುತ್ತಾ, ಎರಡು ಸಲ ಫ್ಲಶ್ ಮಾಡಿದರೂ ಬೇಸಿನ್‌ಗೆ ಅಂಟಿಕೊಂಡರೆ ಕೊಬ್ಬು ಜೀರ್ಣವಾಗದೆ ಹೊರಬರುತ್ತಿದೆ ಎಂದರ್ಥ. ಕ್ಯಾಪ್ಸೂಲಿನ ಕೆಲಸ ಇರುವುದು ಇಲ್ಲಿ ಮಾತ್ರ. ಹಳದಿ ಅಥವಾ ಹಸಿರು ನೀರಿನಂತೆ, ಊಟವಾಗಿ ಗಂಟೆಯೊಳಗೆ ಓಡಿಸಿ, ಹೋದ ಮೇಲೆ ಗುದದಲ್ಲಿ ಉರಿ ಉಳಿಸಿದರೆ ಅದು ಪಿತ್ತಾಮ್ಲ ದೊಡ್ಡ ಕರುಳಿಗೆ ಸೋರಿದ ಲಕ್ಷಣ. ಸಾಮಾನ್ಯವಾಗಿ ಶೇ. 95ರಷ್ಟು ಪಿತ್ತಾಮ್ಲವನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿ ಯಕೃತ್ತಿಗೆ ವಾಪಸ್ ಕಳಿಸುತ್ತದೆ. ತಪ್ಪಿಸಿಕೊಂಡದ್ದು ಹೆಚ್ಚಾದರೆ ದೊಡ್ಡ ಕರುಳು ನೀರು ಬಿಡುತ್ತದೆ. ಇಂಥವರು ಹೊರಗಿನಿಂದ ಇನ್ನಷ್ಟು ಪಿತ್ತ ನುಂಗುವುದು ಉರಿಯುವ ಬೆಂಕಿಗೆ ತುಪ್ಪ. ಜಿಡ್ಡೂ ಇಲ್ಲದ, ಉರಿಯೂ ಇಲ್ಲದ ಬರೀ ನೀರುಭೇದಿ ಮೂರನೆಯದು. ಅದಕ್ಕೆ ಕಾರಣ ಹೆಚ್ಚಾಗಿ ಖಾಲಿ ಹೊಟ್ಟೆಗೆ ಗಟಗಟ ಕುಡಿದ ಉಪ್ಪುನೀರು, ಮೆಗ್ನೀಸಿಯಮ್ ಸಿಟ್ರೇಟ್, ಎಲೆಕ್ಟ್ರೊಲೈಟ್ ಮಾತ್ರೆಯಲ್ಲಿರುವ ಸಾರ್ಬಿಟಾಲ್ ಥರದ ಸಿಹಿಕಾರಕ, ಇಲ್ಲವೇ ಕೊಬ್ಬೇ ಇಲ್ಲದ ಬರೀ ಸಪ್ಪೆ ಮಾಂಸ.

ಸಪ್ಪೆ ಮಾಂಸದ ತೊಂದರೆ ಹೊಸದಲ್ಲ. 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಆರ್ಕ್‌ಟಿಕ್ ಅನ್ವೇಷಕ ವಿಲ್ಯಲ್ಮುರ್ ಸ್ಟೆಫಾನ್ಸನ್ ವೈದ್ಯರ ಕಣ್ಗಾವಲಿನಲ್ಲಿ ಬರೀ ಮಾಂಸದೂಟ ಆರಂಭಿಸಿದಾಗ, ಮೊದಲು ಕೊಬ್ಬು ತೆಗೆದ ಮಾಂಸವನ್ನಷ್ಟೇ ಕೊಟ್ಟು ನೋಡಿದರು. ಎರಡು ಮೂರು ದಿನಕ್ಕೆ ಭೇದಿ, ಸಂಕಟ. ಕೊಬ್ಬು ಸೇರಿಸಿದ ಮೇಲೆ ಭೇದಿ ನಿಂತಿತು, ಅದರ ಬೆನ್ನಿಗೇ ಕೆಲವು ದಿನ ಮಲಬದ್ಧತೆ ಬಂತು. ಆಮೇಲೆ ಅವರ ಊಟದಲ್ಲಿ ಶಕ್ತಿಯ ಸುಮಾರು ಮುಕ್ಕಾಲು ಭಾಗ ಕೊಬ್ಬಿನಿಂದಲೇ ಬರುತ್ತಿತ್ತು. ಆಗ ಯಾರೂ ಕ್ಯಾಪ್ಸೂಲ್ ಕೊಡಲಿಲ್ಲ ಎಂಬುದನ್ನೂ ಗಮನಿಸಿ.

ಈ ಡಯಟ್ ಬೆಳೆದದ್ದು ಅಮೆರಿಕದಲ್ಲಿ, ರಿಬ್‌ಐ ಎಂಬ ದನದ ಮಾಂಸದ ಮೇಲೆ. ಅದರಲ್ಲಿ ಕೊಬ್ಬು ಮಾಂಸದ ಎಳೆಗಳ ನಡುವೆಯೇ ಹೆಣೆದುಕೊಂಡಿರುತ್ತದೆ. ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರಿಗೆ ಅದು ಸುಲಭ. ಬೆಂಗಳೂರಿನಲ್ಲಿ ಮಾಡುವವರ ಲೆಕ್ಕ ಬೇರೆ. 500 ಗ್ರಾಂ ಎಳೆ ಮೇಕೆ ಮಾಂಸದಲ್ಲಿ ಸುಮಾರು 100 ಗ್ರಾಂ ಪ್ರೋಟೀನ್ ಸಿಗುತ್ತದೆ, ಕೊಬ್ಬು ಮಾತ್ರ 12 ಗ್ರಾಂ ಆಸುಪಾಸು, ಒಟ್ಟು 550 ಕ್ಯಾಲೊರಿ. ದಿನಕ್ಕೆ 1,800 ಕ್ಯಾಲೊರಿ ಬೇಕೆಂದರೆ ಇನ್ನೂ 140 ಗ್ರಾಂ ಕೊಬ್ಬು ಸೇರಿಸಬೇಕು, ಅಂದರೆ 10 ದೊಡ್ಡ ಚಮಚ ತುಪ್ಪ. ಎಲ್ಲರೂ ಎಡವುವುದು ಇಲ್ಲೇ. ಕರಗಿದ ತುಪ್ಪ ಮಾಂಸದ ಕೊಬ್ಬಿನಂತೆ ನಿಧಾನವಾಗಿ ಬಿಡುಗಡೆಯಾಗುವುದಿಲ್ಲ, ಬೇಗ ಕರುಳಿಗೆ ಇಳಿಯುತ್ತದೆ. ಪಿತ್ತಕೋಶದಲ್ಲಿ ಒಂದು ಹೊತ್ತಿಗೆ ಇರುವುದು 30ರಿಂದ 50 ಮಿ.ಲೀ. ಅನ್ನ, ಸಾರು, ಪಲ್ಯಕ್ಕೆ ಒಗ್ಗಿದ ಹೊಟ್ಟೆಗೆ ಒಂದೇ ಊಟದಲ್ಲಿ 60 ಗ್ರಾಂ ತುಪ್ಪ ಸುರಿದರೆ ತೇಲುವ ಮಲ ಬರದೆ ಇನ್ನೇನು ಬಂದೀತು? ಬೆಳಗಿನ ಬರಿ ಡಿಕಾಕ್ಷನ್‌ಗೆ ತುಪ್ಪ ಕಲಸಿ ಕುಡಿಯುವ ಚಾಳಿಯಂತೂ ಇದರ ಅಣ್ಣ. ಕಾಫಿ ತಾನೇ ಕರುಳನ್ನು ಓಡಿಸುತ್ತದೆ, ಜೊತೆಗೆ ತುಪ್ಪವೂ ಓಡುತ್ತದೆ.

ಆದ್ದರಿಂದ ಬಾಟಲಿ ತರಿಸುವ ಮೊದಲು ಮಾಂಸದಂಗಡಿಯಲ್ಲಿ ಮಾತು ಬದಲಿಸಿ. ಎದೆ ಮತ್ತು ಪಕ್ಕೆ ಭಾಗ ಕೇಳಿ, 'ಚರ್ಬಿ ತೆಗೀಬೇಡಿ' ಎಂದು ಕಟ್ಟುವ ಮೊದಲೇ ಹೇಳಿ. ಅಭ್ಯಾಸಬಲದಿಂದ ಕೆತ್ತಿ ಬಿಸಾಡುತ್ತಾರೆ. ಮೇಕೆಗಿಂತ ಕುರಿ ವಾಸಿ. ಬನ್ನೂರು ಕುರಿ ನಿಜವಾಗಿಯೂ ಸಿಕ್ಕರೆ ಇನ್ನೂ ವಾಸಿ, ಬೋರ್ಡಿನ ಮೇಲೆ ಇರುವಷ್ಟು ಬನ್ನೂರು ಕುರಿಗಳು ನಾಡಿನಲ್ಲಿ ಇವೆಯೋ ಎಂಬುದು ಬೇರೆ ಮಾತು. ತಿನ್ನುವವರಿಗೆ ಚರ್ಮ ಸಹಿತದ ಹಂದಿ ಮಾಂಸ ಅತಿ ಸುಲಭದ ದಾರಿ. ದಿನಕ್ಕೆ 4 ಮೊಟ್ಟೆ ಸೇರಿಸಿದರೆ 20 ಗ್ರಾಂ ಕೊಬ್ಬು ಹೊಟ್ಟೆಗೆ ಗೊತ್ತೇ ಆಗದಂತೆ ಇಳಿಯುತ್ತದೆ. ತುಪ್ಪ ಊಟಕ್ಕೆ ಒಂದೇ ದೊಡ್ಡ ಚಮಚದಿಂದ ಶುರುವಾಗಲಿ, 3 ದಿನಕ್ಕೊಮ್ಮೆ ದಿನದ ಲೆಕ್ಕದಲ್ಲಿ ಒಂದು ಚಮಚ ಏರಲಿ. ಮೊದಲ ವಾರ ದಿನಕ್ಕೆ ಒಂದೇ ಹೊತ್ತು ಪೂರ್ತಿ ಮಾಂಸದೂಟ, ಎರಡನೇ ವಾರ ಎರಡು ಹೊತ್ತು. ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಬಿಟ್ಟು ಧುಮುಕುವವರೇ ಬುಧವಾರ ಆಫೀಸಿಗೆ ರಜೆ ಹಾಕುವುದು.

ಇಷ್ಟು ಮಾಡಿಯೂ ಜಿಡ್ಡು ಮಲ ನಿಲ್ಲದಿದ್ದರೆ ಕ್ಯಾಪ್ಸೂಲಿನ ಸರದಿ. ಉಪಯೋಗಕ್ಕೆ ಬಂದ ಕ್ರಮ ಇದು: 30 ಗ್ರಾಂಗಿಂತ ಹೆಚ್ಚು ಕೊಬ್ಬಿರುವ ಊಟಕ್ಕೆ ಮಾತ್ರ, ಒಂದು 125 ಮಿ.ಗ್ರಾಂ ಕ್ಯಾಪ್ಸೂಲ್, ಊಟದ ನಡುವೆ. ಮುಂಚೆ ಅಲ್ಲ, ಕೊನೆಗೂ ಅಲ್ಲ. ನಾಲ್ಕು ತುತ್ತು ಒಳಗೆ ಹೋದ ಮೇಲೆ ನುಂಗಿದರೆ ಅದು ಕೊಬ್ಬಿನ ಜೊತೆ ಬೆರೆಯುತ್ತದೆ. ಖಾಲಿ ಹೊಟ್ಟೆಗೆ ನುಂಗಿದರೆ ಉರಿ, ಕಹಿ ತೇಗು, ವಾಕರಿಕೆ. ಮೊಟ್ಟೆ ಮಾತ್ರದ ತಿಂಡಿಗೆ ಬೇಡವೇ ಬೇಡ. 3 ದಿನ ನೋಡಿ. ಮಲ ಮುಳುಗಿ, ಕಂದು ಬಣ್ಣಕ್ಕೆ ತಿರುಗಿದರೆ ಅದೇ ಪ್ರಮಾಣ ಸಾಕು. ಇನ್ನೂ ತೇಲಿದರೆ ಆ ಊಟಕ್ಕೆ ಎರಡು, ಅದಕ್ಕಿಂತ ಮೇಲೆ ಹೋಗುವ ಬದಲು ತುಪ್ಪ ಇಳಿಸಿ. ಹಳದಿ, ಉರಿಯುವ ನೀರುಭೇದಿಗೆ ತಿರುಗಿದ ದಿನವೇ ಕ್ಯಾಪ್ಸೂಲ್ ನಿಲ್ಲಿಸಿ, ಪ್ರಮಾಣ ಮೀರಿದೆ. 4 ವಾರ ಕಳೆದ ಮೇಲೆ ರಾತ್ರಿಯೂಟಕ್ಕೆ ಮಾತ್ರ, 6ನೇ ವಾರದ ಹೊತ್ತಿಗೆ ಪೂರ್ತಿ ಬಂದ್. ನಿಧಾನವಾಗಿ ಏರಿಸಿದ ಕೊಬ್ಬಿಗೆ ಆ ವೇಳೆಗೆ ಕರುಳು ಒಗ್ಗಿರುತ್ತದೆ. 11 ತಿಂಗಳಲ್ಲಿ 60 ಕ್ಯಾಪ್ಸೂಲಿನ 2 ಬಾಟಲಿಯೂ ಖಾಲಿಯಾಗದಿರುವುದು ಇದೇ ಕಾರಣಕ್ಕೆ: ಮೊದಲ ಒಂದೂವರೆ ತಿಂಗಳ ನಂತರ ಅದು ಹೊರಬಂದದ್ದು ಹಬ್ಬ, ಮದುವೆಗಳಲ್ಲಿ ಡಯಟ್ ಮುರಿದು ಮತ್ತೆ ಶುರು ಮಾಡಿದ ವಾರಗಳಲ್ಲಿ ಮಾತ್ರ. ಜೀವಮಾನವಿಡೀ ತಿನ್ನಬೇಕೆಂದು ಹೇಳುವ ಜಾಹೀರಾತನ್ನು ನಂಬಬೇಡಿ. ಸುಸ್ಥಿತಿಯ ಯಕೃತ್ತು ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಪಿತ್ತರಸ ತಯಾರಿಸುತ್ತದೆ.

500 ಮಿ.ಗ್ರಾಂ ಬಾಟಲಿ ಅಗ್ಗ ಎಂದು ಕೊಳ್ಳುವುದು ದೊಡ್ಡ ತಪ್ಪು. ಅದನ್ನು ಬಿಚ್ಚಿ ನಾಲ್ಕು ಪಾಲು ಮಾಡಲು ಹೊರಟವರಿಗೆ ಗೊತ್ತು, ಪುಡಿ ಬೆರಳಿಗೆ, ನಾಲಿಗೆಗೆ ಅಂಟಿ ಹಾಗಲಕಾಯಿಯನ್ನು ಸಿಹಿ ಎನಿಸುವಷ್ಟು ಕಹಿ.

'ಆಲ್ ಇನ್ ಒನ್' ಬಾಟಲಿಗಳಿಗೂ ದೂರದಿಂದಲೇ ನಮಸ್ಕಾರ. ಒಂದೇ ಗುಳಿಗೆಯಲ್ಲಿ ಹೊಟ್ಟೆಗೆ ಆಮ್ಲ ಒದಗಿಸುವ ಬೀಟೇನ್ ಹೈಡ್ರೊಕ್ಲೋರೈಡ್, ಪ್ರೋಟೀನ್ ಜೀರ್ಣಿಸುವ ಪೆಪ್ಸಿನ್, ಆಕ್ಸ್ ಬೈಲ್, ಮೇದೋಜೀರಕದ ಕಿಣ್ವಗಳ ಮಿಶ್ರಣವಾದ ಪ್ಯಾಂಕ್ರಿಯಾಟಿನ್ ಎಲ್ಲ ಇರುತ್ತದೆ. ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಪ್ಯಾಂಕ್ರಿಯಾಟಿನ್‌ನ ಲೈಪೇಸ್ ಹೊಟ್ಟೆಯ ಆಮ್ಲದಲ್ಲಿ ಸತ್ತುಹೋಗುತ್ತದೆ. ಅದಕ್ಕೇ ಡಾಕ್ಟರು ಬರೆದುಕೊಡುವ ಕ್ಯಾಪ್ಸೂಲುಗಳಲ್ಲಿ ಆಮ್ಲಕ್ಕೆ ಕರಗದ ಲೇಪನದ ಸಣ್ಣ ಕಾಳುಗಳಿರುತ್ತವೆ. ಲೇಪನವಿಲ್ಲದ ಲೈಪೇಸ್ ಪಕ್ಕದಲ್ಲೇ ಆಮ್ಲ ತುಂಬುವುದು ಎಂಥ ಜಾಣತನ? ಬೀಟೇನ್ ಹೈಡ್ರೊಕ್ಲೋರೈಡ್ ಅನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1993ರಲ್ಲೇ ಜೀರ್ಣಕಾರಿ ಔಷಧಿಗಳ ಪಟ್ಟಿಯಿಂದ ಹೊರಗಿಟ್ಟಿದೆ. ಅಲ್ಸರ್ ಇರುವವರು, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ತಿನ್ನುವವರು ಅದರ ಹತ್ತಿರ ಸುಳಿಯಬಾರದು.

ಬಾಟಲಿಯ ಬಗ್ಗೆ ದೂರು ಎರಡು. ಪುಡಿ ತೇವ ಹೀರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಮುಚ್ಚಳ ಸಡಿಲ ಬಿಟ್ಟರೆ ಎರಡೇ ವಾರಕ್ಕೆ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿ, ಒಳಗಿನ ಹಸಿರುಗಂದು ಪುಡಿ ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತದೆ. ಸಿಲಿಕಾ ಪೊಟ್ಟಣ ಎಸೆಯಬೇಡಿ. ಫ್ರಿಜ್‌ನಿಂದ ಆಗಾಗ ತೆಗೆದು ಇಡುವುದೂ ಬೇಡ, ಬಾಟಲಿಯ ಒಳಗೆ ನೀರು ಬೆವರುತ್ತದೆ. ಎರಡನೆಯದು ಲೇಬಲ್. ಆಮದು ಮಾಲಿನ ಮೇಲೆ ಇಲ್ಲಿನ ಆಮದುದಾರರ ಹೆಸರು, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಇರಲೇಬೇಕು, ಮಾಂಸಾಹಾರದ ಕಂದು ಚಿಹ್ನೆಯೂ ಇರಬೇಕು. ಆನ್‌ಲೈನ್‌ನಲ್ಲಿ ತರಿಸಿದ ಒಂದು ಬಾಟಲಿಯ ಮೇಲೆ ಹಸಿರು ಚುಕ್ಕೆ ಮುದ್ರಿಸಿತ್ತು. ದನದ ಪಿತ್ತ, ಹಸಿರು ಚುಕ್ಕೆ! ವಾಪಸ್ ಕಳಿಸಲಾಯಿತು, ಹಣ ಬರಲು 19 ದಿನ ಹಿಡಿಯಿತು. ಕ್ಯಾಪ್ಸೂಲಿನ ಹೊದಿಕೆಯೂ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜಿಲಾಟಿನ್. ದನದ ಪದಾರ್ಥ ಬೇಡವೆನ್ನುವ ಮನೆಗಳಿಗೆ ಇದು ಹೇಗೂ ಒಲ್ಲದ ವಸ್ತು. ಅವರು ತುಪ್ಪವನ್ನು ಇನ್ನೂ ನಿಧಾನವಾಗಿ ಏರಿಸಿದರೆ ಅದೇ ಜಾಗಕ್ಕೆ ಎರಡು ವಾರ ತಡವಾಗಿ ತಲುಪುತ್ತಾರೆ.

ಪಿತ್ತಕ್ಕೆ ಸಂಬಂಧವಿಲ್ಲದಿದ್ದರೂ ಅದರ ತಲೆಗೆ ಕಟ್ಟುವ ತೊಂದರೆಗಳಿವೆ. ಪಿಷ್ಟ ಬಿಟ್ಟಾಗ ಇನ್ಸುಲಿನ್ ಇಳಿದು ಮೂತ್ರಪಿಂಡ ಸೋಡಿಯಂ ಹೊರಹಾಕುತ್ತದೆ; ತಲೆನೋವು, ಸುಸ್ತು, ಮೀನಖಂಡದ ಸೆಳೆತ ಅದರಿಂದ. ಅರ್ಧ ಟೀ ಚಮಚ ಹೆಚ್ಚುವರಿ ಉಪ್ಪನ್ನು ಮೇಕೆ ಕಾಲಿನ ಸೂಪಿನಲ್ಲಿ ಕಲಸಿ ದಿನವಿಡೀ ಗುಟುಕರಿಸಿದರೆ ಸಾಕು, ಬಿಪಿ ಅಥವಾ ಕಿಡ್ನಿ ತೊಂದರೆ ಇರುವವರು ಇದನ್ನು ಮಾಡಬಾರದು. ಭೇದಿ ಜೋರಾಗಿದ್ದರೆ ಓಆರ್‌ಎಸ್ ಪುಡಿ ಕುಡಿಯಿರಿ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇದೆ ಎಂದು ಮೂಗು ಮುರಿಯುವ ಕಟ್ಟಾ ಕಾರ್ನಿವೋರ್‌ಗಳಿದ್ದಾರೆ; ಆ ಗ್ಲೂಕೋಸ್ ಇರುವುದೇ ಸೋಡಿಯಂ ಮತ್ತು ನೀರನ್ನು ಕರುಳಿನಿಂದ ದೇಹದೊಳಗೆ ಎಳೆದುಕೊಳ್ಳಲು. ಎರಡು ದಿನಕ್ಕೊಮ್ಮೆ ಮಾತ್ರ, ಮೆತ್ತಗೆ, ತಿಣುಕದೆ ಹೋಗುತ್ತಿದ್ದರೆ ಅದು ಮಲಬದ್ಧತೆ ಅಲ್ಲ. ನಾರು ಇಲ್ಲದ ಊಟದಲ್ಲಿ ಉಳಿಯುವುದೇ ಕಡಿಮೆ. ಕಲ್ಲಿನಂತೆ ಗಟ್ಟಿಯಾದರೆ ನೀರು, ಕೊಬ್ಬು ಕಮ್ಮಿಯಾಗಿರಬಹುದು. ಬಂಗುಡೆ ತಿಂದ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ತಲೆ ಸಿಡಿದು, ಭೇದಿಯಾದರೆ ಕೊಬ್ಬನ್ನು ಬೈಯಬೇಡಿ. ಮಂಜುಗಡ್ಡೆ ಇಲ್ಲದೆ ಕೂತ ಮೀನಿನಲ್ಲಿ ಹಿಸ್ಟಮಿನ್ ಬೆಳೆದಿರುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಪಿತ್ತಕೋಶ ತೆಗೆಸಿಕೊಂಡವರಿಗೆ ಈ ಕ್ಯಾಪ್ಸೂಲ್ ಕಡ್ಡಾಯ ಎಂಬ ಮಾತು ಅರ್ಧ ಸತ್ಯ. ಅವರ ಪಿತ್ತರಸ ನಿಂತಿಲ್ಲ, ತಡೆಯಿಲ್ಲದೆ ಸದಾ ತೊಟ್ಟಿಕ್ಕುತ್ತಿರುತ್ತದೆ. ಅವರಲ್ಲಿ ಕೆಲವರಿಗೆ ಬರುವುದು ಪಿತ್ತಾಮ್ಲ ಸೋರುವ ಎರಡನೇ ಬಗೆಯ ಭೇದಿ, ಅದಕ್ಕೆ ವೈದ್ಯರು ಕೊಡುವುದು ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟಿರಮಿನ್, ಅಂದರೆ ಈ ಕ್ಯಾಪ್ಸೂಲಿನ ತದ್ವಿರುದ್ಧ. ಪಿತ್ತಕೋಶದಲ್ಲಿ ಕಲ್ಲಿರುವವರು ದಿಢೀರ್ ಕೊಬ್ಬು ಏರಿಸುವುದೇ ಅಪಾಯ. ಊಟದ ನಂತರ ಬಲ ಪಕ್ಕೆಲುಬಿನ ಕೆಳಗೆ ಹಿಡಿದು ಬಲ ಭುಜಕ್ಕೆ ಹರಿಯುವ ನೋವು, ಸುಣ್ಣದ ಬಣ್ಣದ ಮಲ, ಕಾಫಿ ಬಣ್ಣದ ಮೂತ್ರ, ಕಣ್ಣು ಹಳದಿ, ಮಲದಲ್ಲಿ ರಕ್ತ, ಜ್ವರ: ಇವು ಯಾವುವೂ ಒಗ್ಗುವ ಲಕ್ಷಣವಲ್ಲ, ಅದೇ ದಿನ ಆಸ್ಪತ್ರೆ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಈ ಡಯಟ್‌ಗೆ ಕೈಹಾಕಲೇಬಾರದು. ಅವರಲ್ಲಿ ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಅದು ಕೀಟೊಅಸಿಡೋಸಿಸ್ (ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಅಪಾಯದ ಸ್ಥಿತಿ) ಇರಬಹುದು, ಗ್ಲೂಕೋಮೀಟರ್‌ನಲ್ಲಿ ಸಕ್ಕರೆ 200ರ ಒಳಗೇ ತೋರಿಸಿದರೂ.

ಸ್ಟಾರ್ ಎರಡು ಕಡಿಮೆಯಾದದ್ದು ಒಂದು ಲೇಬಲ್‌ಗೆ, ಒಂದು ಬಳಕೆಯ ಚೀಟಿಗೆ. 'ಊಟಕ್ಕೆ ಮೊದಲು 1ರಿಂದ 3 ಕ್ಯಾಪ್ಸೂಲ್' ಎಂದಷ್ಟೇ ಅದರಲ್ಲಿ ಅಚ್ಚಾಗಿದೆ.